ಝೇಂಕಾರದ ಹಕ್ಕಿ ಹೊಕ್ಕ ಮನೆ

ಯಾನಾರುಮಿ, ಚಿಂಬೊರಾಸೊ ಬೆಟ್ಟ
ಜನವರಿ ೨೯, ೧೯೮೮

ಪ್ರೀತಿಯ ಆಸೆನ್ಸಿಯಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ನಿನ್ನ ಯಜಮಾನರೂ ಗ್ವಾಯಾಕಿಲ್‌ನ ಆ ಹಾಳು ಸೆಖೆಯಲ್ಲಿ ಬೆಂದುಹೋಗದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಈ ತಿಂಗಳ ಆರಕ್ಕೆ, ಮೂರು ರಾಜರ ಹಬ್ಬದ ದಿನವೇ ಕೈ ಸೇರಿತು. ಉತ್ತರ ಬರೆಯುವುದು ಇಷ್ಟು ತಡವಾಯಿತೆಂದು ಬೈಯಬೇಡ. ಬೈಯುವುದನ್ನೆಲ್ಲ ಆ ಕಾಗದದಲ್ಲೇ ಬೈದು ಮುಗಿಸಿದ್ದೀಯ. "ಹೊಸ ಮನೆ ಗುಡಿಸೋಕೆ ಬೇರೆ ಯಾರನ್ನೋ ಧರ್ಮತಾಯಿ ಮಾಡ್ಕೊಂಡಿದ್ದೀಯ, ನೇರವಾಗಿ ಹೇಳೋಕೆ ನಿನಗೆ ಬಾಯಿಲ್ಲ" ಎಂದು ಬರೆದಿದ್ದೀಯಲ್ಲ, ಈ ಬಾಲ್ತಸಾರಳಿಗೆ ಬಾಯಿಲ್ಲ ಎಂದವಳು ಇಡೀ ಬೆಟ್ಟದಲ್ಲಿ ನೀನೊಬ್ಬಳೇ. ಅದನ್ನು ಓದಿ ಹೇಳಿದಾಗ ನಮ್ಮವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

ಕೇಳು. ಧರ್ಮತಾಯಿ ನೀನೇ, ಪೊರಕೆ ನಿನ್ನದೇ. ನೀನು ಬಂದು ಚುಕಿರಾಗುವಾ ಮುಳ್ಳುಪೊದೆಯ ಕೊಂಬೆ ಹಿಡಿದು ನಾಲ್ಕು ಮೂಲೆಯನ್ನೂ ಗುಡಿಸದೆ ನನ್ನ ಮಗ ಸೊಸೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಒಂದು ರಾತ್ರಿ ಮಲಗುವುದೂ ಇಲ್ಲ. ಡಿಸೆಂಬರಿನಲ್ಲಿ ಬರಬೇಡವೆಂದು ಬಸ್ಸಿನ ಡ್ರೈವರ್ ಕೈಲಿ ಹೇಳಿ ಕಳಿಸಿದ್ದು ನಿಜ. ಆದರೆ ಕಾರಣವನ್ನು ಅವನ ಬಾಯಲ್ಲಿ ಹೇಳಿಸಿದ್ದರೆ ನೀನು ಇನ್ನೂ ಎರಡು ಹಾಳೆ ಬೈಗುಳ ಬರೆಯುತ್ತಿದ್ದೆ. ಆ ಮನೆಗೆ ನಮ್ಮೆಲ್ಲರಿಗಿಂತ ಮೊದಲೇ ಒಬ್ಬಳು ಬಂದು ಸೇರಿಕೊಂಡಿದ್ದಾಳೆ. ನನ್ನ ಮುಷ್ಟಿಯೊಳಗೆ ಹಿಡಿಸುತ್ತಾಳೆ ಅಷ್ಟೇ! ಝೇಂಕಾರದ ಹಕ್ಕಿ, ಆಸೆನ್ಸಿಯಾ, ನಮ್ಮ ಬೆಟ್ಟದ ಕಿಂದೆ!

ಮೊದಲಿಂದ ಹೇಳುತ್ತೇನೆ. ದೆಲ್ಫಿನ್‌ನ ಮದುವೆಗೆ ನೀನು ಬಂದಿದ್ದೆ, ಸೊಸೆ ಮೆಲ್ಚೋರಳನ್ನು ನೋಡಿದ್ದೀಯ. ಮದುವೆಯಾದಂದಿನಿಂದ ಅವರಿಬ್ಬರೂ ನಮ್ಮ ಜೊತೆಗೇ ಇದ್ದಾರೆ, ಎಲ್ಲರ ಮನೆಯಲ್ಲಿ ಇರುವ ಹಾಗೆ. ಅಕ್ಟೋಬರಿನಲ್ಲಿ ಊರೆಲ್ಲ ಮುಯ್ಯಾಳು ಬಂದು ಕೊರಕಲಿನ ಆಚೆ ದಿಣ್ಣೆಯ ಮೇಲೆ ಅವರಿಗೊಂದು ಮನೆ ಎಬ್ಬಿಸಿಕೊಟ್ಟರು. ಮಣ್ಣಿನ ಗೋಡೆ, ಬೆಟ್ಟದ ಹುಲ್ಲಿನ ಸೂರು. ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳುತ್ತದೆ. ಬಾಗಿಲು ಕಿಟಕಿ ಕೂರಿಸುವುದೊಂದು ಬಾಕಿ ಇತ್ತು. ಹುಲ್ಲು ಹೊದಿಸಿದವರು ಒಂದು ಕತ್ತಾಳೆ ಹಗ್ಗವನ್ನು ತೊಲೆಯಿಂದ ಇಳಿಬಿಟ್ಟು ಹಾಗೇ ಮರೆತು ಹೋಗಿದ್ದರು.

ಆಮೇಲೆ ಉಣ್ಣೆ ಕಳುವು ಶುರುವಾಯಿತು. ಹೊಸ ಮನೆಯ ಕಂಬಳಿಗೆಂದು ಮೆಲ್ಚೋರ ಉಣ್ಣೆಗೆ ಕೆಂಪು ಬಣ್ಣ ಹಾಕಿ ಬೇಲಿಯ ಮೇಲೆ ಒಣಗಲು ಹರಡಿದ್ದಳು. ದಿನಾ ಸಂಜೆ ನೋಡಿದರೆ ಎಳೆ ಎಳೆಯಾಗಿ ಕಿತ್ತ ಗುರುತು. ಅದೇ ವಾರ ಸತ್ತವರ ಹಬ್ಬಕ್ಕೆಂದು ನಮ್ಮ ಬೀಗಿತ್ತಿ ಪೆತ್ರೋನಾ ಬಂದು ಎರಡು ದಿನ ಇದ್ದು ಹೋಗಿದ್ದಳು. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು.

"ನಾನು ಯಾರ ಹೆಸರೂ ಹೇಳಲ್ಲ. ಆದ್ರೆ ಬೀಗಿತ್ತಿ ಬಂದು ಹೋದ್ಮೇಲೆ ಉಣ್ಣೆ ಕಮ್ಮಿಯಾಗಿದೆ" ಎಂದೆ.

ಮೆಲ್ಚೋರ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. "ನಮ್ಮಮ್ಮ ಎಳೆ ಎಳೆಯಾಗಿ ಕದಿಯೋಳಲ್ಲ ಅತ್ತೆ. ಕದಿಯೋ ಮನಸ್ಸು ಬಂದಿದ್ರೆ ಕುರೀನೇ ಹೊಡ್ಕೊಂಡು ಹೋಗಿರೋಳು" ಎಂದಳು.

ಇಂಥ ಮಾತಿಗೆ ಅತ್ತೆಯಾದವಳು ಸಿಟ್ಟು ಮಾಡಬೇಕು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾರನೆಯ ದಿನ ಅವಳು ಹೊಸ ಮನೆಯ ಗೋಡೆಗೆ ಮಣ್ಣು ಮೆತ್ತಲು ಹೋದವಳು ಅಲ್ಲಿಂದಲೇ ಕೂಗಿದಳು: "ಅತ್ತೇ! ಬನ್ನಿ ಬೇಗ! ಕಳ್ಳಿ ಸಿಕ್ಕಿಬಿದ್ಲು!"

ನಾನು ಬೀಗಿತ್ತಿಯೇ ಅಡಗಿ ಕೂತಿದ್ದಾಳೆಂದು ಕೊರಕಲು ಹಾರಿಕೊಂಡು ಓಡಿದೆ. ನೋಡಿದರೆ, ಆ ಮರೆತ ಹಗ್ಗದ ತುದಿಗೆ, ಸೂರಿನ ಕೆಳಗೆ, ಒಂದು ಗೂಡು! ನೀನು ತೋಟಗಳಲ್ಲಿ ನೋಡಿರುವ ಪುಟಾಣಿ ಬಟ್ಟಲಲ್ಲ. ನಮ್ಮ ಕಿಂದೆಯ ಗೂಡು ದಪ್ಪ, ಹಳೆಯ ಟೋಪಿಯ ಹಾಗೆ. ಪಾಚಿ, ಹುಲ್ಲಿನ ನಾರು, ಕುರಿಯ ಉಣ್ಣೆ, ಯಾವುದೋ ಕೋಳಿಯ ಪುಕ್ಕ, ಎಲ್ಲವನ್ನೂ ಜೇಡರ ಬಲೆಯಿಂದ ಬಿಗಿದು ಹಗ್ಗಕ್ಕೆ ಅಂಟಿಸಿದ್ದಳು. ಅಂಚಿಗೆ ಸುತ್ತಲೂ ನಮ್ಮ ಕೆಂಪು ಉಣ್ಣೆ. ಮೆಲ್ಚೋರ ನನ್ನ ಕಿವಿಯ ಹತ್ತಿರ ಬಂದು, "ಬೀಗಿತ್ತಿಗೆ ಕ್ಷಮೆ ಕೇಳೋದು ಯಾವಾಗ ಅತ್ತೆ?" ಎಂದಳು. ಇನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಅವಳಿಗೆ ಗೊತ್ತಿಲ್ಲದ ತಪ್ಪಿಗೆ ಕ್ಷಮೆ ಯಾಕೆ?

ಗಂಡು ಕಿಂದೆ ನಿನಗೆ ನೆನಪಿರಬೇಕು: ತಲೆ ಕೊರಳೆಲ್ಲ ನೇರಳೆ, ಬಿಸಿಲಿಗೆ ತಿರುಗಿದರೆ ಕಣ್ಣು ಕುಕ್ಕುವ ಹೊಳಪು, ಗಂಟಲಲ್ಲಿ ಹಸಿರು ಮಚ್ಚೆ, ಅದರಡಿ ಒಂದು ಕಪ್ಪು ಗೆರೆ, ಆಮೇಲೆ ಅಚ್ಚ ಬಿಳಿ ಹೊಟ್ಟೆ. ಹೆಣ್ಣಿಗೆ ಇದ್ಯಾವುದೂ ಇಲ್ಲ, ಪಾಪ, ಮಾಸಲು ಹಸಿರು, ಗಂಟಲಲ್ಲಿ ಚುಕ್ಕೆ. ಗೂಡು ಕಟ್ಟುವವಳು ಅವಳೇ, ಕಾವು ಕೊಡುವವಳು ಅವಳೇ, ಮರಿಗೆ ತಿನ್ನಿಸುವವಳೂ ಅವಳೇ. ಗಂಡು ಮದುವೆ ಊಟ ಮುಗಿಸಿ ಹೋದ ನೆಂಟನಂತೆ ಮತ್ತೆ ಆ ಕಡೆ ಸುಳಿಯಲಿಲ್ಲ. ಇದನ್ನು ನಮ್ಮವರಿಗೆ ಹೇಳಿದೆ. ಅವರು ಪೊಂಚೋ ಹೊದ್ದುಕೊಂಡು ಹುರಿದ ಬಾರ್ಲಿ ಹಿಟ್ಟು ಕಲಸುತ್ತಾ, "ಆ ಬಣ್ಣ ಇಟ್ಕೊಂಡು ಗೂಡಿನ ಹತ್ರ ಬಂದ್ರೆ ಗಿಡುಗ ಹಿಂದೇನೇ ಬರುತ್ತೆ ಕಣೇ. ದೂರ ಇರೋದೇ ಅವನು ಮಾಡೋ ಸಂಸಾರ" ಎಂದರು. ಗಂಡಸರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ, ಹಕ್ಕಿಯಾದರೂ ಸರಿ.

ಮಗರಾಯನಿಗೆ ಮಾತ್ರ ಸಿಟ್ಟು ಬಂತು. "ಅಮ್ಮ, ಸ್ವಲ್ಪ ಹೊಗೆ ಹಾಕಿದ್ರೆ ಒಂದು ಗಳಿಗೇಲಿ ಜಾಗ ಖಾಲಿ ಮಾಡುತ್ತೆ."

"ಹಾಕು. ಮೊದ್ಲು ನನಗೆ ಹಾಕು. ನಾನು ಖಾಲಿ ಮಾಡಿದ್ಮೇಲೆ ಅವಳಿಗೆ ಹಾಕುವೆಯಂತೆ."

ಊರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಧರ್ಮತಾಯಿ ಗುಡಿಸುವ ಮೊದಲು ಯಾರಾದರೂ ಒಳಗೆ ವಾಸ ಮಾಡಿದರೆ ಆ ಮನೆಗೆ ಆಗಿಬರುವುದಿಲ್ಲವಲ್ಲ. ಕೆಲವರು ಸೂರು ಬಿಚ್ಚಿ ಮತ್ತೆ ಹೊದಿಸಬೇಕು ಎಂದರು. ಕೊನೆಗೆ ಊರ ಯಜಮಾನರೇ ಬಂದು, ಟೋಪಿ ತೆಗೆದು, ಕತ್ತು ಮೇಲೆ ಮಾಡಿ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: "ಇವಳು ಒಲೆ ಹಚ್ಚಿಲ್ಲ, ಚಿಚಾ ಹೆಂಡ ಕುಡಿದಿಲ್ಲ, ಕುಣಿದಿಲ್ಲ. ಇದನ್ನ ವಾಸ ಅನ್ನೋಕಾಗಲ್ಲ, ತಂಗೋದು ಅನ್ಬೇಕು. ಮರಿ ಹಾರೋವರೆಗೂ ಯಾರೂ ಮುಟ್ಟಬೇಡಿ." ನಾನು ಖುಷಿಯಿಂದ ಅವರಿಗೆ ಒಲೆಯ ಬಳಿ ಸಾಕಿದ್ದ ಗಿನಿಯಿಲಿಗಳಲ್ಲಿ ಒಂದನ್ನು ಸುಟ್ಟು ಬಡಿಸಿದೆ. ನಿನ್ನನ್ನು ಬರಬೇಡ ಎಂದಿದ್ದು ಈ ತೀರ್ಪಿನ ಮೇಲೆ.

ಆಸೆನ್ಸಿಯಾ, ಚಿಕ್ಕಂದಿನಲ್ಲಿ ನಾವು ಕುರಿ ಕಾಯುತ್ತಿದ್ದಾಗ ಗವಿಯೊಳಗೆ ಸಿಕ್ಕ ಕಿಂದೆ ನಿನಗೆ ನೆನಪಿದೆಯೆ? ಬಂಡೆಗೆ ಅಂಟಿಕೊಂಡಿತ್ತು, ಕೊಕ್ಕು ಮೇಲಕ್ಕೆ, ಕಲ್ಲಿನಷ್ಟು ತಣ್ಣಗೆ. ನಾನು ಸತ್ತಿದೆ ಎಂದೆ. ನೀನು, "ಸತ್ತಿಲ್ಲ, ದಿನಾ ರಾತ್ರಿ ಹಿಂಗೇ ಆರಿಹೋಗುತ್ತೆ, ಬಿಸಿಲು ಬಂದ್ರೆ ಹತ್ಕೊಳ್ಳುತ್ತೆ" ಎಂದು ಶಾಲಿನೊಳಗೆ ಇಟ್ಟುಕೊಂಡೆ. ಬಿಸಿಲೇರಿದಾಗ ಅದು ನಿನ್ನ ಎದೆಯೊಳಗೇ ಭರ್ರೆಂದು ಎದ್ದು, ನೀನು ಕಿರುಚಿ, ಕುರಿಗಳೆಲ್ಲ ದಿಕ್ಕಾಪಾಲಾದವು. ಈಗ ನಾನೊಂದು ಹೊಸದು ಕಂಡುಕೊಂಡಿದ್ದೇನೆ. ಮೊಟ್ಟೆ ಇಟ್ಟ ತಾಯಿ ಹಾಗೆ ಆರುವುದಿಲ್ಲ! ಒಂದು ಬೆಳಗಿನ ಜಾವ ಹೊರಗೆ ಬಕೆಟ್ಟಿನ ನೀರು ಗಾಜಾಗಿತ್ತು. ನಾನು ಹೊಸ ಮನೆಗೆ ಹೋಗಿ ಏಣಿ ಹತ್ತಿ, ಗೂಡಿನ ತಳಕ್ಕೆ ಮೆಲ್ಲಗೆ ಬೆರಳು ತಾಗಿಸಿದೆ. ಬೆಚ್ಚಗಿತ್ತು. ತನಗಾಗಿ ಆದರೆ ಆರಿಹೋಗುತ್ತಾಳೆ, ಎರಡು ಬಿಳಿ ಮೊಟ್ಟೆಗಾಗಿ ಇಡೀ ರಾತ್ರಿ ಉರಿಯುತ್ತಾಳೆ. ಏಣಿ ಇಳಿದು ಬಂದು ಮೆಲ್ಚೋರಳನ್ನು ಎಬ್ಬಿಸಿ ಹೇಳಿದೆ. ಅವಳೂ ನಿದ್ದೆಗಣ್ಣಿನಲ್ಲೇ ಓಡಿಬಂದು ಬೆರಳಿಟ್ಟು ನೋಡಿದಳು. ಇಬ್ಬರೂ ಚಳಿಯಲ್ಲಿ ನಿಂತು ಹುಚ್ಚರ ಹಾಗೆ ನಕ್ಕೆವು.

ಅಲ್ಲಿಂದ ನಮಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಬೆಳಿಗ್ಗೆ ಗೋಡೆಯ ಬಿಸಿಲಿಗೆ ಕೂತು ನಾನು ಮೆಲ್ಚೋರಳ ತಲೆ ಬಾಚುವಾಗ ಕೊರಕಲಿನ ಆಚೆ ಎಲ್ಲವೂ ಕಾಣುತ್ತದೆ. ಕಿಂದೆ ಕಿಟಕಿಯಿಂದ ಹೊರಗೆ ಬಂದು ನೆಟ್ಟಗೆ ಚುಕಿರಾಗುವಾ ಪೊದೆಗೆ ಹೋಗುತ್ತಾಳೆ. ಕೆಳಗಿನ ಊರಿನ ಹಕ್ಕಿಗಳ ಹಾಗೆ ಗಾಳಿಯಲ್ಲಿ ನಿಂತು ಹೀರುವ ಡೌಲು ಇಲ್ಲ. ಆ ಮುಳ್ಳೆಲೆಯ ಮೇಲೆ ಕಾಲೂರಿ ಕೂತು, ಕಿತ್ತಳೆ ಬಣ್ಣದ ಹೂವಿಗೆ ಕೊಕ್ಕು ಹಾಕಿ ನಿಧಾನವಾಗಿ ಕುಡಿಯುತ್ತಾಳೆ. ಇಷ್ಟು ಎತ್ತರದಲ್ಲಿ ಉಸಿರು ಉಳಿಸಿಕೊಳ್ಳಬೇಕು ಎಂದು ಅವಳಿಗೂ ಗೊತ್ತು. ಕೆಲವು ಸಲ ನೆಲಕ್ಕಿಳಿದು ಹುಲ್ಲಿನ ಮೇಲೆ ಕುಪ್ಪಳಿಸಿ ನೊಣ ಹಿಡಿಯುತ್ತಾಳೆ. ಬೇರೆ ಕಿಂದೆ ಬಂತೋ, ಮುಗಿಯಿತು, ಚೀರುತ್ತಾ ಅಟ್ಟಿಸಿಕೊಂಡು ಬೆಟ್ಟದ ಅರ್ಧ ದಾರಿಗೆ ಬಿಟ್ಟುಬರುತ್ತಾಳೆ. "ನೋಡಿ ಅತ್ತೆ, ನೀವು ಪಕ್ಕದ ಊರಿನವರ ದನ ಓಡಿಸೋ ಥರಾನೇ" ಎನ್ನುತ್ತಾಳೆ ಸೊಸೆ. ಆ ಪೊದೆಗೆ ನಾವು ಬೇಲಿ ಹಾಕಿದ್ದೇವೆ. ನಿನ್ನ ಪೊರಕೆಗೆ ಕೊಂಬೆ ಬೇರೆ ಕಡೆಯಿಂದ ತರುತ್ತೇನೆ, ಮೊದಲೇ ಹೇಳಿಬಿಟ್ಟೆ.

ಡಿಸೆಂಬರಿನಲ್ಲಿ ಮರಿಯಾದವು. ಕಪ್ಪಗೆ, ಕಣ್ಣಿಲ್ಲದೆ, ಪುಕ್ಕವಿಲ್ಲದೆ, ಹುರಿದ ಅವರೆಕಾಳಿನ ಹಾಗೆ ಎರಡು. ಅವು ಕಣ್ಣು ಬಿಡುವ ಹೊತ್ತಿಗೆ ಆಲಿಕಲ್ಲು ಬಿತ್ತು ನೋಡು! ಚಿಂಬೊರಾಸೊ ಅಪ್ಪ ಮಧ್ಯಾಹ್ನವೇ ಮೋಡದಲ್ಲಿ ಮುಖ ಮುಚ್ಚಿಕೊಂಡಿದ್ದ. ಕಿಟಕಿಗೆ ಬಾಗಿಲಿಲ್ಲ, ಗಾಳಿ ಒಳಗೇ ನುಗ್ಗುತ್ತಿತ್ತು. ಮೆಲ್ಚೋರ ಓಡಿಹೋಗಿ ತನ್ನ ಶಾಲು ಬಿಚ್ಚಿ ಕಿಟಕಿಗೆ ಕಟ್ಟಿದಳು, ನಾನು ಬಾಗಿಲಿಗೆ ನನ್ನದನ್ನು ಕಟ್ಟಿದೆ. ಆಹಾ, ಎಂಥ ಜಾಣೆಯರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲೆ ನೋಡಿದರೆ ಮರಿಗಳು ಮಾತ್ರ ಇವೆ, ತಾಯಿ ಇಲ್ಲ!

"ಅತ್ತೆ, ಅವಳು ಹೊರಗಿದ್ದಾಳೆ! ನಾವೇ ಬೀಗ ಹಾಕಿಬಿಟ್ವಿ!"

ನಾನು ಕಿಟಕಿಯ ಶಾಲಿನ ಒಂದು ಮೂಲೆ ಎತ್ತಿ ಹಿಡಿದು ಹೊರಗೆ ತಲೆ ಹಾಕಿದೆ. ಅಕ್ಕಿ ಮೂಟೆ ಹರಿದ ಹಾಗೆ ಆಲಿಕಲ್ಲು ಸುರಿಯುತ್ತಿದೆ, ಟೋಪಿಯ ಮೇಲೆ ಟಪಟಪ. ಏನೂ ಕಾಣದು. ಮೆಲ್ಚೋರ ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡು ದೇವರ ತಾಯಿಯನ್ನು ಕರೆಯುತ್ತಿದ್ದಾಳೆ. ಕೈ ಮರಗಟ್ಟಿತು, ಆದರೂ ಶಾಲು ಬಿಡಲಿಲ್ಲ. ಆಗ ನನ್ನ ಕಿವಿಯ ಪಕ್ಕದಲ್ಲೇ ಭರ್ರೆಂದು ಏನೋ ಹೋಯಿತು. ತಿರುಗಿ ನೋಡುವಷ್ಟರಲ್ಲಿ ಅವಳು ಗೂಡಿನ ಮೇಲೆ, ಒದ್ದೆಯಾಗಿ, ರೆಕ್ಕೆ ಅಗಲಿಸಿ ಎರಡು ಮರಿಯನ್ನೂ ಮುಚ್ಚಿಕೊಂಡು ಕೂತಿದ್ದಳು! ನಾವು ಅತ್ತೆ ಸೊಸೆ ಮಣ್ಣಿನ ನೆಲದ ಮೇಲೆ ಕೈ ಕೈ ಹಿಡಿದು ಕುಣಿದೆವು. ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡೆವು. ಗುಡಿಸುವ ಮೊದಲು ಒಳಗೆ ಕುಣಿಯಬಾರದಲ್ಲ. ಈ ಸಂಗತಿ ಊರ ಯಜಮಾನರ ಕಿವಿಗೆ ಹಾಕಬೇಡ.

ಅಂದಿನಿಂದ ದೆಲ್ಫಿನ್ ಕೂಡ ಬದಲಾದ. ಕುರಿಯ ಉಣ್ಣೆ ಕತ್ತರಿಸಿ ಬಂದವನು ಮೊದಲು ಗೂಡು ನೋಡಿ ಆಮೇಲೆ ಊಟಕ್ಕೆ ಬರುತ್ತಾನೆ. ಸಮಾಧಾನವಿಲ್ಲದವಳು ಬೀಗಿತ್ತಿ ಒಬ್ಬಳೇ. ಹೋದ ಭಾನುವಾರ ಕೋಲೂರಿಕೊಂಡು ಬಂದು ಅಂಗಳದಲ್ಲೇ ಶುರು ಮಾಡಿದಳು.

"ಏನ್ ಬೀಗಿತ್ತಿ, ನನ್ನ ಮಗಳಿಗೆ ಅಂತ ಮನೆ ಕಟ್ಟಿಸಿ ಹಕ್ಕಿಗೆ ಬಾಡಿಗೆಗೆ ಕೊಟ್ಟಿದ್ದೀರಾ? ಹೆಣ್ಣಿಗೆ ತನ್ನದು ಅಂತ ಒಂದು ಒಲೆ ಬೇಡ್ವಾ? ಕೋಳಿಮರಿ ಆಗಿದ್ರೆ ಇಷ್ಟೊತ್ತಿಗೆ ಸಾರಾಗಿರೋದು!"

"ಕಿಂದೆ ಮರಿಗೆ ಅವಸರ ಇರಲ್ಲ ಬೀಗಿತ್ತಿ, ಚಳಿ ದೇಶದ್ದು" ಎಂದೆ.

"ಬರೋ ತಿಂಗಳ ಕಾರ್ನಿವಲ್ ಹೊತ್ತಿಗೆ ಗುಡಿಸ್ಲಿಲ್ಲ ಅಂದ್ರೆ ನಾನೇ ಪೊರಕೆ ತಗೋತೀನಿ" ಎಂದು ಕೋಲು ಕುಟ್ಟಿದಳು.

ಹೀಗಿದೆ ವಿಷಯ. ಈಗ ನೀನೇ ಹೇಳು, ಇದರಲ್ಲಿ ನನ್ನ ತಪ್ಪೇನಿದೆ? ಮರಿಗಳು ಇನ್ನೂ ಗೂಡಿನಲ್ಲೇ ಇವೆ. ಆದ್ದರಿಂದ ಕಾರ್ನಿವಲ್‌ಗೆ ಬಸ್ಸು ಹತ್ತಬೇಡ. ಈಸ್ಟರ್ ಕಳೆಯಲಿ, ನಾನೇ ಹೇಳಿ ಕಳಿಸುತ್ತೇನೆ. ಒಂದು ಚೀಲ ಒಣಗಿದ ಚುಕಿರಾಗುವಾ ಹೂವು ಕಳಿಸಿದ್ದೇನೆ, ನಿನ್ನ ಯಜಮಾನರ ಪಿತ್ತಕ್ಕೆ ಕಷಾಯ ಮಾಡಿಕೊಡು; ಕಹಿ ಎಂದು ಚೆಲ್ಲಲು ಬಿಡಬೇಡ. ನಿನ್ನ ಅಂಗಡಿಯ ಬಾಳೆಹಣ್ಣೆಲ್ಲ ಕಪ್ಪಾಗುವ ಮೊದಲೇ ಮಾರಿಹೋಗಲಿ. ದೇವರ ತಾಯಿಯೂ ಚಿಂಬೊರಾಸೊ ಅಪ್ಪನೂ ನಿಮ್ಮಿಬ್ಬರನ್ನು ತಣ್ಣಗಿಟ್ಟಿರಲಿ.

ನಿನ್ನ,
ಬಾಲ್ತಸಾರಾ

ಮತ್ತೆ ಬರೆಯುವುದು:

ಕಾಗದ ಮಡಿಸಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮರಿಗಳು ಗೂಡಿನಲ್ಲಿ ಇಲ್ಲ ಆಸೆನ್ಸಿಯಾ. ಹಾರಿ ಎರಡು ವಾರವಾಯಿತು. ಮೊದಲ ಕೆಲವು ರಾತ್ರಿ ಮಲಗಲು ಗೂಡಿಗೇ ಬರುತ್ತಿದ್ದವು, ಆಮೇಲೆ ಅದೂ ನಿಂತಿತು. ನಾನು ದಿನಾ ಬೆಳಿಗ್ಗೆ ಏಣಿ ಹತ್ತಿ, ಖಾಲಿ ಗೂಡು ನೋಡಿ, ಇಳಿದು ಬಂದು "ಇನ್ನೂ ಇವೆ" ಎನ್ನುತ್ತೇನೆ. ಈಗ ದೆಲ್ಫಿನ್ ನೋಡಲು ಹೋದರೆ ತಾಯಿ ಬೆದರುತ್ತಾಳೆಂದು ಬಾಗಿಲಲ್ಲೇ ತಡೆಯುತ್ತೇನೆ.

ಮೆಲ್ಚೋರಳ ತಲೆ ಬಾಚುತ್ತೇನೆ ಎಂದು ಬರೆದೆನಲ್ಲ, ಅದಕ್ಕಾಗಿ. ನನ್ನ ಮಗಳು ನಾರ್ಸಿಸಾಳ ಕೂದಲು ಎಷ್ಟು ಉದ್ದ ಬೆಳೆದಿತ್ತು ನಿನಗೆ ಗೊತ್ತು. ಮೊದಲ ಕೂದಲು ತೆಗೆಯುವ ಶಾಸ್ತ್ರಕ್ಕೆ ನೀನು ಧರ್ಮತಾಯಿಯಾಗಿ ಹೊಸ ಕತ್ತರಿ ತಂದಿಟ್ಟಿದ್ದೆ. ಶಾಸ್ತ್ರದ ಮೊದಲೇ ಆ ಕೆಮ್ಮು ಬಂತು, ಕತ್ತರಿ ತಾಗದ ಕೂದಲಿನ ಸಮೇತ ಮಗುವನ್ನು ಮಣ್ಣಿಗಿಟ್ಟೆವು. ಅಂದಿನಿಂದ ನನ್ನ ಕೈ ಯಾರ ತಲೆಯನ್ನೂ ಬಾಚಿರಲಿಲ್ಲ. ಈ ಹುಡುಗಿ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ, ನಾನು ಕರೆಯದೇ, ಬಾಚಣಿಗೆ ಕೈಗಿಟ್ಟು ನನ್ನ ಮೊಣಕಾಲುಗಳ ನಡುವೆ ಬೆನ್ನು ಮಾಡಿ ಕೂತಳು. ಕೊರಕಲಿನ ಆಚೆ ಮನೆ ಎಷ್ಟು ಹತ್ತಿರವಿದ್ದರೇನು? ತನ್ನ ಒಲೆ ಹಚ್ಚಿಕೊಂಡವಳು ತಲೆ ಬಾಚಿಸಿಕೊಳ್ಳಲು ಕೊರಕಲು ದಾಟಿ ಬರುತ್ತಾಳೆಯೆ? ನಾನು ಹಕ್ಕಿಯನ್ನು ಅಡ್ಡ ಇಟ್ಟುಕೊಂಡು ಅವಳನ್ನು ಹಿಡಿದಿಟ್ಟಿದ್ದೇನೆ.

ಭಾನುವಾರದ ಜಗಳದಲ್ಲಿ ಒಂದನ್ನು ನಾನು ಬರೆಯಲಿಲ್ಲ. ಬೀಗಿತ್ತಿ ಹೊಸ ಮನೆಗೇ ನಡೆದು, "ಮೆಲ್ಚೋರ, ನನ್ನ ಮಂಡಿ ಏಳಲ್ಲ, ನೀನು ಹತ್ತಿ ನೋಡು" ಎಂದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಹುಡುಗಿ ಏಣಿ ಹತ್ತಿದಳು. ಖಾಲಿ ಗೂಡಿನೊಳಗೆ ಇಣುಕಿ ನೋಡಿ, ಅಂಚಿನ ಕೆಂಪು ಉಣ್ಣೆಯನ್ನು ಬೆರಳಿನಿಂದ ಸರಿಪಡಿಸಿದಳು. ಆಮೇಲೆ, ಕೆಳಗೆ ನೋಡದೆ, "ಇವೆ ಅಮ್ಮ. ಎರಡೂ ಇವೆ. ಇನ್ನೂ ರೆಕ್ಕೆ ಬಲಿತಿಲ್ಲ" ಎಂದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಬಾಚಣಿಗೆ ತಂದು ಕೊಟ್ಟು ಕೂತಳು. ನಾನು ಸಿಕ್ಕು ಬಿಡಿಸುತ್ತಾ ಬಾಚಿದೆ. ನನ್ನ ಕಣ್ಣೀರು ಅವಳ ಬೈತಲೆಗೆ ಬಿದ್ದಿದ್ದು ಅವಳಿಗೆ ಗೊತ್ತಾಗಿರಬೇಕು.

ನನಗೋಸ್ಕರ ಹೆತ್ತ ತಾಯಿಗೆ ಸುಳ್ಳು ಹೇಳಿದವಳನ್ನು ಇನ್ನು ಒಂದು ದಿನವೂ ಹಿಡಿದಿಟ್ಟುಕೊಳ್ಳಲಾರೆ. ಮೇಲೆ ಬರೆದದ್ದನ್ನೆಲ್ಲ ಮರೆತುಬಿಡು, ಕಾರ್ನಿವಲ್‌ಗೇ ಬಾ, ಬಂದು ಗುಡಿಸು. ಗೂಡನ್ನು ಹಗ್ಗದ ಸಮೇತ ಹೊರಗಿನ ಸೂರಿಗೆ ಕಟ್ಟಬೇಕು. ಕಿಂದೆ ಮುಂದಿನ ವರ್ಷ ಹಳೆಯ ಗೂಡನ್ನೇ ಹುಡುಕಿಕೊಂಡು ಬರುತ್ತಾಳೆ. ಆ ಕತ್ತರಿ ಇನ್ನೂ ನಿನ್ನ ಹತ್ತಿರ ಇದ್ದರೆ ತೆಗೆದುಕೊಂಡು ಬಾ. ಹಗ್ಗ ಕತ್ತರಿಸಲು ಬೇಕು.